ನಾಲ್ಕು ನೂಲು, ಅರ್ಧ ಇಂಚು

ಶುಕ್ರವಾರದ ಪೂಜೆಗೆಂದು ದೀಪದ ಕಂಬಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ಎದುರುಮನೆಯ ಹನುಮಕ್ಕ ಬಾಗಿಲಲ್ಲೇ ನಿಂತು, "ರತ್ನಮ್ಮ ಹೊಲಿದ ಪ್ಯಾಂಟೆಲ್ಲಾ ಬಿಚ್ಚಾಕ ಕುಂತಾಳ್ರಿ. ನಾ ಹೇಳಿದ್ರ ಕೇಳವಲ್ಲಳು, ನೀವಾದ್ರೂ ಬರ್ರಿ" ಎಂದಳು.

ರಾಯದುರ್ಗದ ಮನೆಮನೆಗೂ ಜೀನ್ಸ್ ಹೊಲಿಗೆ ಹೊಕ್ಕಿದ್ದ ವರ್ಷಗಳವು. ಮನೆಗೆಲಸ ಮುಗಿಸಿ, ಹೊಲಿಯುವವರ ಮಕ್ಕಳಿಗೆ ಪಡಸಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದೆ. ರತ್ನಮ್ಮ ಅಗಳಿ ಕಡೆಯವಳು. ಐದನೇ ಕ್ಲಾಸಿನ ಮಗಳು ಪುಷ್ಪಳನ್ನು ಕರೆದುಕೊಂಡು ಬಂದು, ಕೆಲಸ ಕಲಿತು, ಆ ವಾರವಷ್ಟೇ, ಕತ್ತರಿಸಿದ ಬಟ್ಟೆ ಹಂಚುವ ಮೇಸ್ತ್ರಿಯಿಂದ ಹೊಲಿಯಲು ಮೊದಲ ಮಾಲು ತಂದಿದ್ದಳು. ಜೀನ್ಸ್ ಬಟ್ಟೆಯ ಹೊಲಿಗೆ ಬಿಚ್ಚಿದರೆ ಸೂಜಿಯ ತೂತು ಎದ್ದು ಕಾಣುತ್ತದೆ. ಅಂಥ ಮಾಲನ್ನು ಮೇಸ್ತ್ರಿ ಮುಟ್ಟುವುದಿಲ್ಲ. ಕೆಲಸ ಹೋದರೆ ತಾಯಿ ಮಗಳು ಊರಿಗೆ ಮರಳಬೇಕು, ಪುಷ್ಪಳ ಶಾಲೆ ನಡುವೆಯೇ ನಿಲ್ಲಬೇಕು.

ಕೈ ತೊಳೆದು ಅವಳ ಮನೆಗೆ ಓಡಿದೆ. ಬ್ಲೇಡು ಹಿಡಿದು ಕೂತಿದ್ದ ರತ್ನಮ್ಮನಿಂದ ವಿಷಯ ತಿಳಿಯಿತು. ಕಾಲಿನ ಅಂಚನ್ನು ಅರ್ಧ ಇಂಚು ಮಡಚಲು ಮೇಸ್ತ್ರಿ ಹೇಳಿದ್ದ. ಇಂಚಿಗೆ ಎಂಟು ನೂಲು ಎಂದು ನಮ್ಮಲ್ಲಿ ಹೊಲಿಯುವವರ ಲೆಕ್ಕ. ಹನುಮಕ್ಕ ಕಲಿಸಿದಂತೆ ಇವಳು ನಾಲ್ಕು ನೂಲು ಮಡಚಿದ್ದಳು. ಅದು ಸರಿಯೇ. ಆದರೆ ಪುಷ್ಪ ಎಂಟರಲ್ಲಿ ನಾಲ್ಕು, ಎರಡರಲ್ಲಿ ಒಂದು ಎಂದು ಬರೆದು ನೋಡಿ, ನಾಲ್ಕು ನೂಲಿನದರಲ್ಲಿ ಮೇಲಿನ ಅಂಕಿಯೂ ದೊಡ್ಡದು ಕೆಳಗಿನದೂ ದೊಡ್ಡದು, ಹಾಗಾಗಿ ಮಡಿಕೆ ಹೆಚ್ಚಾಗಿದೆ ಎಂದಿದ್ದಳು.

"ನಾನು ಓದ್ದೋಳಲ್ಲ ಕಣಕ್ಕಾ. ಇಸ್ಕೂಲಿಗೆ ಹೋಗೋಳು ಹೇಳ್ತವ್ಳೆ ಅಂತ ನಂಬ್ದೆ" ಎಂದಳು ರತ್ನಮ್ಮ.

ಬ್ಲೇಡು ಕಸಿದುಕೊಂಡೆ. ಹಳೇ ಕ್ಯಾಲೆಂಡರಿನಿಂದ ಒಂದು ಉದ್ದನೆ ಪಟ್ಟಿ ಹರಿದು ಪುಷ್ಪಳ ಕೈಗೆ ಕೊಟ್ಟು, ಇದನ್ನೇ ಒಂದು ಇಂಚು ಎಂದುಕೊಂಡು ಸರಿಯಾಗಿ ನಡುವೆ ಮಡಚಿ, ಆ ಗೆರೆಗೆ ಕುಂಕುಮ ಹಚ್ಚಲು ಹೇಳಿದೆ. ಆಮೇಲೆ ಮತ್ತೊಂದು ಮಡಿಕೆ, ಅದರ ಮೇಲೆ ಇನ್ನೊಂದು. ಬಿಡಿಸಿದರೆ ಎಂಟು ಮನೆ. ಕುಂಕುಮದ ಗೆರೆಯವರೆಗೆ ಅವಳೇ ಎಣಿಸಿದಳು, ನಾಲ್ಕು.

"ಅರ್ಧದ ಗೆರೆ ಜರುಗೇತೇನು?" ಎಂದು ಕೇಳಿದೆ.

"ಇಲ್ಲ ದೊಡ್ಡಮ್ಮ. ತುಂಡು ಜಾಸ್ತಿ ಆದ್ವು, ಉದ್ದ ಅಷ್ಟೇ ಐತೆ."

"ಹಂಗಾದ್ರ ಮೂರು ನೂಲು ದೊಡ್ಡದೋ, ಅರ್ಧ ಇಂಚೋ?"

ಪಟ್ಟಿ ನೋಡದೆಯೇ ಹೇಳಿದಳು, "ಅರ್ಧ ಅಂದ್ರೆ ನಾಲ್ಕು. ಮೂರು ಕಮ್ಮಿ."

ರತ್ನಮ್ಮ ಉಸಿರು ಬಿಟ್ಟು ಮಗಳ ತಲೆಗೆ ಮೊಟಕಿದಳು. "ಇವ್ಳ ಮಾತು ಕೇಳಿದ್ರೆ ಮೇಸ್ತ್ರಿಗೆ ಬರೀ ತೂತು ಕೊಡ್ಬೇಕಾಗಿತ್ತು."

ದೇವರು ದೊಡ್ಡವನು, ಬಿಚ್ಚಿದ್ದು ಒಂದೇ ಕಾಲು. ಹಳೇ ತೂತಿನಲ್ಲೇ ಸೂಜಿ ಇಳಿಯುವಂತೆ ಹನುಮಕ್ಕ ಮಷೀನಿನ ಚಕ್ರವನ್ನು ಕೈಯಲ್ಲಿ ತಿರುಗಿಸಿ ಹೊಲಿದುಕೊಟ್ಟಳು. ಸಂಜೆ ಮೇಸ್ತ್ರಿ ಬಂದು ಮಾಲು ನೋಡಿ, ಅಡ್ಡಮಾತಿಲ್ಲದೆ ಹೊಸ ಗಂಟು ಇಳಿಸಿ ಹೋದ. ವೆಂಕಟರಮಣನಿಗೆ ಅಲ್ಲೇ ಕೈಮುಗಿದೆ.

ಅಂದಿನಿಂದ ಭಿನ್ನರಾಶಿ ಹೇಳುವಾಗ ಅಂಶ, ಛೇದ ಎನ್ನುವ ಮೊದಲು ಮಕ್ಕಳಿಂದ ಪಟ್ಟಿ ಮಡಚಿಸುತ್ತೇನೆ. ಎರಡನ್ನು ಹೋಲಿಸಬೇಕಾದರೆ ಮೊದಲು ತುಂಡುಗಳನ್ನು ಒಂದೇ ಅಳತೆಗೆ ತರಬೇಕು. ಇದು ಕಣ್ಣಿಗೆ ಕಂಡರೆ ಮಕ್ಕಳು ಮರೆಯುವುದಿಲ್ಲ.

ಆ ದಿನ ಮನೆಗೆ ಬರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಅರ್ಧಕ್ಕೆ ಬಿಟ್ಟಿದ್ದ ದೀಪದ ಕಂಬಗಳನ್ನು ತೊಳೆದಿಟ್ಟು, ಒಲೆ ಹಚ್ಚಿ, ಮುದ್ದೆಗೆ ಎಸರಿಟ್ಟೆ.