ಚೈನಾಗ್ರಾಸ್ ಹುಳಗಳು

ನನ್ನ ಮಗಳಿಗೆ ಜೆಲ್ಲಿ ಮಿಠಾಯಿ ಅಲರ್ಜಿ ಎಂಬುದು ನನಗೆ ಗೊತ್ತಾದದ್ದು ಫೋನಿನಲ್ಲಿ. ಹೇಳಿದವರು ಅವಳ ಕ್ಲಾಸಿನ ಇನ್ನೊಬ್ಬ ಹುಡುಗಿಯ ತಾಯಿ. ಕೊರೋನಾ ಬಂದ ವರ್ಷದ ಅಕ್ಟೋಬರ್ ಅದು, ನಾವಿದ್ದದ್ದು ಐರ್ಲೆಂಡಿನಲ್ಲಿ. ವಾಟರ್‌ಫರ್ಡಿನಲ್ಲಿ ಮನೆಯಿಂದ ಐದು ಕಿಲೋಮೀಟರಿನಾಚೆ ಹೋಗುವಂತಿರಲಿಲ್ಲ, ಒಬ್ಬರ ಮನೆಗೆ ಇನ್ನೊಬ್ಬರು ಕಾಲಿಡುವಂತಿರಲಿಲ್ಲ. ಹ್ಯಾಲೋವೀನ್ ಸಂಜೆ ಮಕ್ಕಳು ವೇಷ ಹಾಕಿಕೊಂಡು ಮನೆಮನೆಯ ಬಾಗಿಲು ತಟ್ಟಿ ಮಿಠಾಯಿ ಕೇಳುವುದೂ ಆ ವರ್ಷ ಬಂದ್. ಅದಕ್ಕೇ ಆ ತಾಯಿ ವಿಡಿಯೋ ಕಾಲಿನಲ್ಲಿ ಎಂಟು ಮಕ್ಕಳನ್ನು ಸೇರಿಸಿ ಮಿಠಾಯಿ ಆಟಗಳ ಪಾರ್ಟಿ ಮಾಡಲು ಹೊರಟಿದ್ದರು. ಆಟದ ಸಾಮಾನನ್ನು ಚೀಲಕ್ಕೆ ತುಂಬಿ ಎಲ್ಲರ ಗೇಟಿಗೆ ನೇತುಹಾಕಿ ಹೋಗುವವರಿದ್ದರು.

"ನಿಮ್ಮ ಮಗಳ ಚೀಲಕ್ಕೆ ಜೆಲ್ಲಿ ಹುಳ ಹಾಕಲ್ಲ, ಚಾಕೊಲೇಟ್ ಇಡ್ತೀನಿ," ಎಂದರು ಆಕೆ. "ಅಲರ್ಜಿ ಅಂತ ಅವಳೇ ಕ್ಲಾಸಲ್ಲಿ ಹೇಳಿದಾಳಂತೆ. ತುಂಬಾ ಜೋರಾ? ಇಂಜೆಕ್ಷನ್ ಏನಾದ್ರೂ ಇಟ್ಕೊಂಡಿರ್ತೀರಾ?"

ನಮ್ಮ ಮನೆಯಲ್ಲಿ ಯಾರಿಗೂ ಯಾವ ಅಲರ್ಜಿಯೂ ಇಲ್ಲ. ಜೆಲ್ಲಿ ಮಿಠಾಯಿಗೆ ಹಾಕುವ ಜೆಲಟಿನ್ ಬಹಳ ಸಲ ಹಂದಿಯದಾಗಿರುತ್ತದೆ, ಆದ್ದರಿಂದ ನಾವು ತಿನ್ನುವುದಿಲ್ಲ. ಇದನ್ನು ಹೇಳಲು ಎಷ್ಟು ಹೊತ್ತು ಬೇಕು? ಆಫೀಸಿನ ಮೀಟಿಂಗಿನಲ್ಲಿ ಮ್ಯಾನೇಜರನ ತಪ್ಪನ್ನು ಅವನ ಮುಖಕ್ಕೇ ಹೇಳುವವಳು ನಾನು. ಆದರೂ ಅವತ್ತು ನನ್ನ ಬಾಯಿಂದ ಬಂದದ್ದು, "ಸ್ವಲ್ಪ ಮಾತ್ರ ಇದೆ, ಏನೂ ತೊಂದ್ರೆ ಇಲ್ಲ, ಗ್ರ್ಯಾಂಡ್." ಎಲ್ಲ ಸರಿಯಿದೆ ಎನ್ನಲು ಇಲ್ಲಿಯವರು ಆಡುವ ಮಾತು ಅದು.

ಫೋನಿಟ್ಟವಳೇ ಮಗಳನ್ನು ಕರೆದು ಸುಳ್ಳು ಹೇಳಿದ್ದಕ್ಕೆ ಜೋರು ಮಾಡಿದೆ. ಹೇಳುವುದು ಶಾಸ್ತ್ರ, ಹಾಕುವುದು ಗಾಳ. ಏಳು ವರ್ಷದ ಅವಳು ಪೂರ್ತಿ ಕೇಳಿಸಿಕೊಂಡು, ತನ್ನ ಐರಿಷ್ ರಾಗದ ಇಂಗ್ಲಿಷಿನಲ್ಲಿ, "ಅಲರ್ಜಿ ಅಂದ್ರೆ ಯಾರೂ ಯಾಕೆ ಅಂತ ಕೇಳಲ್ಲ ಮಮ್ಮಿ," ಎಂದಳು. "ಹಂದಿ ಅಂದ್ರೆ ಎಲ್ಲರೂ ಕೇಳ್ತಾರೆ. ಆಮೇಲೆ ತಿನ್ನೋದು ಬಿಟ್ಟು ನನ್ನೇ ನೋಡ್ತಾರೆ."

ನನ್ನ ಸಿಟ್ಟು ಜರ್ರನೆ ಇಳಿಯಿತು. ಪಾರ್ಟಿಯ ದೊಡ್ಡ ಆಟವೇ ಹುಳದ ಆಟವಂತೆ. ಬಿಸ್ಕತ್ತಿನ ಪುಡಿಯನ್ನು ಮಣ್ಣಿನ ಹಾಗೆ ತಟ್ಟೆಗೆ ಹರಡಿ, ಅದರೊಳಗೆ ಐದು ಹುಳ ಹೂತು, ಕೈ ಹಿಂದಕ್ಕೆ ಕಟ್ಟಿಕೊಂಡು ಬಾಯಲ್ಲೇ ಎಳೆದು ತೆಗೆಯಬೇಕು. ಏಳು ಮಕ್ಕಳು ಮುಖಕ್ಕೆಲ್ಲ ಪುಡಿ ಬಳಿದುಕೊಂಡು ಆಡುವಾಗ ನನ್ನ ಮಗಳು ರೆಫರಿ. ಮಾರ್ಚಿನಿಂದ ಒಂದು ಹುಟ್ಟುಹಬ್ಬವನ್ನೂ ಕಾಣದ ಮಗು ಈ ಪಾರ್ಟಿಯಲ್ಲೂ ನೋಡುತ್ತಾ ಕೂರಬೇಕೇ? ನನಗೆ ಹಠ ಹತ್ತಿತು. ಇವಳೂ ಆಡಬೇಕು, ಹುಳ ನಾನೇ ಮಾಡಬೇಕು.

ರಂಜಾನಿಗೆ ತಂದ ಚೈನಾಗ್ರಾಸ್ ಅರ್ಧ ಪ್ಯಾಕೆಟ್ ಉಳಿದಿತ್ತು. ಬಿಳಿ ದಾರದಂತಿರುವ ಅದು ಸಮುದ್ರದ ಪಾಚಿಯಿಂದ ಆಗುತ್ತದೆ, ಹಂದಿಯ ಗೊಡವೆಯೇ ಇಲ್ಲ. ನೆನೆಸಿ ಕುದಿಸಿದರೆ ಕರಗಿ, ಆರಿದರೆ ಗಟ್ಟಿಯಾಗುತ್ತದೆ. ಎಷ್ಟು ನೀರಿಗೆ ಎಷ್ಟು ಎಂದು ಕೇಳಲು ಬೆಂಗಳೂರಿಗೆ ಅಮ್ಮಿಗೆ ಫೋನ್ ಮಾಡಿದೆ.

"ಹುಳ ಬಂದಿರೋ ಅಕ್ಕಿನ ಜರಡಿ ಹಿಡಿದು ಬಿಸಾಕ್ತೀವಿ," ಎಂದರು ಅಮ್ಮಿ. "ನೀನು ಗ್ಯಾಸ್ ಖರ್ಚು ಮಾಡಿ ಹುಳ ಮಾಡ್ತಾ ಇದೀಯಾ? ಅದೂ ಮಗೂಗೆ ತಿನ್ನಿಸೋಕೆ?" ಬೈದು ಮುಗಿದ ಮೇಲೆ ಅಳತೆ ಹೇಳಿದರು.

ಬಗ್ಗಿಸುವ ಸ್ಟ್ರಾಗಳ ಕುತ್ತಿಗೆಯನ್ನು ಎಳೆದು ಬಿಟ್ಟರೆ ಅಲ್ಲಿನ ಸುಕ್ಕು ಬಿಚ್ಚಿಕೊಳ್ಳುತ್ತದೆ, ಅದರೊಳಗೆ ಆರಿದ್ದಕ್ಕೆ ಎರೆಹುಳದ ಉಂಗುರಗಳೇ ಬರುತ್ತವೆ. ಐವತ್ತು ಸ್ಟ್ರಾಗಳನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ ಉದ್ದ ಲೋಟದಲ್ಲಿ ನಿಲ್ಲಿಸಿದೆವು. ಮೊದಲ ಸಲ ಸುರಿಯುವಷ್ಟರಲ್ಲಿ ಅರ್ಧ ಪಾತ್ರೆಯಲ್ಲೇ ಹೆಪ್ಪುಗಟ್ಟಿತು. ಎರಡನೇ ಸಲ ನೀರು ಜಾಸ್ತಿಯಾಗಿ ಹುಳದ ಬದಲು ಗಂಜಿ ಬಂತು. ಮೂರನೇ ಸಲ, ಅರ್ಧಕ್ಕೆ ಗುಲಾಬಿ ಶರಬತ್ತು, ಅರ್ಧಕ್ಕೆ ಹಸಿರು ಬಣ್ಣ ಬೆರೆಸಿ ಬೇಗಬೇಗ ಸುರಿದು, ಬೆಳಿಗ್ಗೆ ಎದ್ದು ಲಟ್ಟಣಿಗೆಯಿಂದ ಸ್ಟ್ರಾದ ತುದಿಯನ್ನು ಒತ್ತಿದರೆ, ಅಬ್ಬ, ನುಣ್ಣನೆಯ ಹುಳ ಜಾರಿ ತಟ್ಟೆಗೆ ಬಿದ್ದು ನಡುಗಿತು. ಮಗಳು ಕಿರುಚಿಕೊಂಡು ಮನೆಯೆಲ್ಲ ಓಡಿದಳು. ನಾನೂ ಓಡಿದೆ. ಮೇಲೆ ಮೀಟಿಂಗಿನಲ್ಲಿದ್ದ ಗಂಡ ಮೈಕ್ ಆಫ್ ಮಾಡಿಕೊಂಡು ಕೆಳಗಿಳಿದು ಬಂದರು.

"ಅವರಿಗೆ ಫೋನ್ ಮಾಡಿ ನಿಜ ಹೇಳಿದ್ಯಾ?" ಎಂದು ಕೇಳಿದರು.

"ನಾಳೆ ಹೇಳ್ತೀನಿ," ಎಂದೆ. ಮರುದಿನವೂ ಕೇಳಿದರು, ಮರುದಿನವೂ ಅದನ್ನೇ ಹೇಳಿದೆ. ಐದು ಬಣ್ಣದ ಹುಳ ಮಾಡುವ ಹುರುಪಿನಲ್ಲಿ ಆ ಒಂದು ಫೋನಿಗೆ ಮಾತ್ರ ನನಗೆ ಪುರುಸೊತ್ತಾಗಲಿಲ್ಲ.

ಶನಿವಾರ ಸಂಜೆ ಐದಕ್ಕೆ ಲ್ಯಾಪ್‌ಟಾಪಿನ ತುಂಬ ಮಾಟಗಾತಿಯರು, ಅಸ್ಥಿಪಂಜರಗಳು. ನಮ್ಮದು ಬಾವಲಿ, ಕೈಗೆ ಕತ್ತರಿಸಿದ ಕೊಡೆಯ ಕಪ್ಪು ಬಟ್ಟೆ. ನಾನು ಪರದೆಯಲ್ಲಿ ಕಾಣದಂತೆ ಮೇಜಿನ ಪಕ್ಕ ನೆಲದ ಮೇಲೆ ಕೂತೆ. ಮೊದಲ ಆಟ, ಬಣ್ಣದ ಚಾಕೊಲೇಟ್ ಗುಂಡುಗಳನ್ನು ಸ್ಟ್ರಾದಿಂದ ಹೀರಿ ಹಿಡಿದು ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಸಾಗಿಸುವುದು. ಮಗಳದು ನಿಮಿಷಕ್ಕೆ ಹನ್ನೊಂದು. "ಉಸಿರು ಬಿಡಬೇಡ, ಬಿಡಬೇಡ," ಎಂದು ನಾನು ಕೆಳಗಿನಿಂದ ಪಿಸುಗುಟ್ಟುತ್ತಿದ್ದೆ. ಆಮೇಲೆ ಬಿಸ್ಕತ್ತಿನ ಗೋಡೆಗೆ ಸಕ್ಕರೆ ಪಾಕದ ಗಾರೆ ಮೆತ್ತಿ ದೆವ್ವದ ಮನೆ ಕಟ್ಟಿದರು. ಒಂದು ಮನೆಯ ಸೂರು ಕುಸಿದು, ಕಟ್ಟಿದವನೇ ಅದನ್ನು ತಿಂದು ಮುಗಿಸಿದ.

ಕೊನೆಗೆ ಹುಳದ ಆಟ ಬಂತು. "ಕೈ ಹಿಂದಕ್ಕೆ," ಎಂದರು ಆ ತಾಯಿ. ಮಗಳು ನಮ್ಮ ತಟ್ಟೆಯನ್ನು ಮುಂದಕ್ಕೆಳೆದುಕೊಂಡಳು. ಒಂದು, ಎರಡು, ಮೂರು ಎನ್ನುವುದರೊಳಗೆ ಅವಳ ತುಟಿಯಲ್ಲಿ ಹಸಿರು ಹುಳ ನೇತಾಡುತ್ತಿತ್ತು.

"ಉಗಿದುಬಿಡು ಪುಟ್ಟಾ, ಈಗ್ಲೇ ಉಗಿ. ನಿಮ್ಮ ಮಮ್ಮಿ ಎಲ್ಲಿ? ಯಾರಾದ್ರೂ ಇದೀರಾ ಅಲ್ಲಿ?" ಆ ತಾಯಿ ಪರದೆಗೆ ಮುಖ ಹತ್ತಿರ ತಂದು ಕೂಗಿದರು. ಮಕ್ಕಳೆಲ್ಲ ತಟ್ಟೆಯಿಂದ ತಲೆಯೆತ್ತಿದರು. ತಾವು ಮಾಡಿದ ಪಾರ್ಟಿಯಲ್ಲಿ ಮಗುವೊಂದರ ಉಸಿರು ಕಟ್ಟುತ್ತದೆಂದು ಆಕೆ ನಿಜವಾಗಿ ಹೆದರಿದ್ದರು. ನಾನು ನಾಚಿಕೆಯಿಂದ ಮೇಜಿನ ಕಾಲಿನ ಹಿಂದಕ್ಕೆ ಇನ್ನಷ್ಟು ಸರಿದೆ.

ಮಗಳು ಹುಳವನ್ನು ಕೈಗೆ ತೆಗೆದುಕೊಂಡಳು. "ನಂಗೆ ಅಲರ್ಜಿ ಇಲ್ಲ," ಎಂದಳು, ಅರ್ಧಕ್ಕೆ ನಿಂತ ಆಟದ ಅವಸರದಲ್ಲಿ. "ಅದು ಸುಳ್ಳು ಹೇಳಿದ್ದೆ. ಅಂಗಡಿ ಜೆಲ್ಲಿಲಿ ಹಂದಿ ಇರುತ್ತೆ, ಅದನ್ನ ನಾವು ತಿನ್ನಲ್ಲ. ಇದು ಪಾಚಿದು, ನಾವೇ ಮಾಡಿದ್ದು. ಈಗ ಆಡಬಹುದಾ?"

ಯಾರೂ ಯಾಕೆ ಎಂದು ಕೇಳಲಿಲ್ಲ. ಆ ತಾಯಿ ಮಾತ್ರ ಗೊಂದಲಗೊಂಡು, "ಆದ್ರೆ ನಿಮ್ಮ ಮಮ್ಮಿನೇ ಫೋನಲ್ಲಿ ಇದೆ ಅಂದ್ರಲ್ಲ," ಎಂದರು.

ಮಗಳು ನಿಧಾನವಾಗಿ ತಲೆ ತಿರುಗಿಸಿ ಕೆಳಗೆ ಕೂತಿದ್ದ ನನ್ನನ್ನು ನೋಡಿದಳು. ನಾಲ್ಕು ದಿನದ ಕೆಳಗೆ ಇದೇ ವಿಷಯಕ್ಕೆ ಅವಳನ್ನು ನಿಲ್ಲಿಸಿ ಬೈದವಳು ನಾನು. ಇನ್ನು ನೆಲದ ಮೇಲೆ ಕೂತಿರಲು ಆಗಲಿಲ್ಲ. ಕೆದರಿದ ತಲೆ, ಹಸಿರು ಬೆರಳುಗಳ ಸಮೇತ ಎದ್ದು ಪರದೆಯೊಳಗೆ ಬಂದು, "ನಾನೂ ಸುಳ್ಳು ಹೇಳಿದೆ, ಸಾರಿ. ನಿಜ ಹೇಳೋಕೆ ಧೈರ್ಯ ಬರ್ಲಿಲ್ಲ," ಎಂದೆ.

ಆಕೆ ಎದೆಯ ಮೇಲೆ ಕೈಯಿಟ್ಟು ಒಂದು ದೊಡ್ಡ ಉಸಿರು ಬಿಟ್ಟರು. "ಹಾಗಾದ್ರೆ ಇಬ್ಬರೂ ಕೈ ಹಿಂದಕ್ಕೆ," ಎಂದರು.

ಮಗಳು ಕುರ್ಚಿಯಲ್ಲಿ ಸರಿದು ನನಗೆ ಅರ್ಧ ಜಾಗ ಕೊಟ್ಟಳು.