ಎಂ.ಟೆಕ್‌ಗೆ ಬಡಿದ ರೊಟ್ಟಿ

ಬಾಣಸವಾಡಿ ರೈಲ್ವೆ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಬೆಳಗ್ಗೆ ಆರಾಯಿತೆಂದು ತಿಳಿಯಲು ಯಾರೂ ಗಡಿಯಾರ ನೋಡುತ್ತಿರಲಿಲ್ಲ. ಮಹಡಿಯ ಬಾಡಿಗೆ ಕೋಣೆಯಲ್ಲಿ ಸಾಬಮ್ಮ ಜೋಳದ ರೊಟ್ಟಿ ಬಡಿಯಲು ಕೂತಳೆಂದರೆ ಆರಾಯಿತು. ಕೆಳಗಿನ ಮನೆಯಲ್ಲಿ ಒಡತಿ ರಾಮಲಕ್ಷ್ಮಮ್ಮ ಕಾಫಿ ಲೋಟ ಹಿಡಿದು ಅಂಗಳಕ್ಕೆ ಬರುತ್ತಿದ್ದಳು. ಅವಳ ಮಾವನ ಕಾಲಕ್ಕೆ ಆ ಜಾಗವೆಲ್ಲ ರಾಗಿ ಹೊಲ. ಈಗ ಹೊಲದ ತುಂಬ ಬಾಡಿಗೆ ಮನೆಗಳು.

"ಏನ್ ಸಾಬಮ್ಮ, ರೊಟ್ಟಿ ಬಡೀತಿದೀರೋ ನಮ್ ತಲೆ ಮೇಲಿನ ಮೋಲ್ಡಿಂಗ್ ಬೀಳಿಸ್ತಿದೀರೋ?" ಎಂದು ಅವಳು ಕೆಳಗಿನಿಂದ ಕೂಗುವುದೂ ದಿನದ ವಾಡಿಕೆಯೇ.

"ಸದ್ದು ಬರ್ಲಿಲ್ಲಂದ್ರ ಅದು ರೊಟ್ಟಿ ಅಲ್ರೀ ಅಕ್ಕ, ಚಪಾತಿ!" ಎಂದು ಮೇಲಿನಿಂದ ಉತ್ತರ ಬೀಳುತ್ತಿತ್ತು.

ಯಾದಗಿರಿ ಕಡೆಯ ಹಳ್ಳಿಯಿಂದ ಗಂಡ ಸಾಯಬಣ್ಣನ ಹಿಂದೆ ಸಾಬಮ್ಮ ಬೆಂಗಳೂರಿಗೆ ಬಂದದ್ದು ಎಂಬತ್ತಾರರಲ್ಲಿ. ಅವನು ಸೆಂಟ್ರಿಂಗ್ ಕೆಲಸಕ್ಕೆ ಹೋದ, ಇವಳು ಕಾಂಕ್ರೀಟಿನ ಬಾಂಡ್ಲಿ ಹೊತ್ತಳು. ಸೊಂಟ ಕೈಕೊಟ್ಟಾಗ ರೊಟ್ಟಿಗೆ ಕೂತಳು. ಕಮ್ಮನಹಳ್ಳಿಯಿಂದ ಕೆ.ಆರ್. ಪುರದವರೆಗೆ ಏಳುತ್ತಿದ್ದ ಕಟ್ಟಡಗಳಲ್ಲಿ ಅವಳ ಕಡೆಯ ಜನ ತಿಂದದ್ದು ಅವಳ ರೊಟ್ಟಿಯನ್ನೇ. ಎತ್ತಿ ಹಿಡಿದರೆ ಆಚೆಯ ಬೆಳಕು ಕಾಣುವಷ್ಟು ತೆಳು. ಆ ಬಗ್ಗೆ ಅವಳಿಗೆ ಸಾಕಷ್ಟು ಜಂಬವಿತ್ತು. ಇರಲಿ ಬಿಡಿ, ಕೈಯಲ್ಲಿ ಕಸುಬಿದ್ದವರಿಗೆ ಒಂದಿಷ್ಟು ಜಂಬ ಒಪ್ಪುತ್ತದೆ.

ಇನ್ನೊಂದು ಜಂಬ ಮಗಳು ಗಂಗಾ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಎಂದರೆ ಹುಡುಗರ ಪಾಳಯ ಎನ್ನುತ್ತಿದ್ದ ಕಾಲದಲ್ಲಿ ಅವಳು ಬಿ.ಇ. ಮುಗಿಸಿದಳು. ಎರಡು ಸಾವಿರದ ನಾಲ್ಕರಲ್ಲಿ ಕೆ.ಆರ್. ಪುರದಾಚೆಯ ಕಾಲೇಜೊಂದರಲ್ಲಿ ಎಂ.ಟೆಕ್ ಸೇರಿದಳು. ಅದಕ್ಕೆ ಏನೇನು ಮಾಡಬೇಕು ಎಂದು ಸಾಬಮ್ಮ ಕೇಳಿದಾಗ ಮಗಳು ಬೆರಳು ಮಡಚಿ ಹೇಳಿದಳು: "ಮೊದ್ಲ ಎರಡು ಸೆಮಿಸ್ಟರ್ ಪಾಠ, ಪರೀಕ್ಷೆ. ಆಮ್ಯಾಲ ಸೆಮಿನಾರು. ಆಮ್ಯಾಲ ಪ್ರಾಜೆಕ್ಟ್ ಮಾಡಿ, ಬರ್ದು, ಬೈಂಡ್ ಮಾಡ್ಸಿ ಕೊಡೋದು. ಕೊನೀಗಿ ಹೊರಗಿಂದ ಬಂದ ಪರೀಕ್ಷಕರ ಮುಂದ ವೈವಾ."

"ನಿಶ್ಚಯ, ಅರಿಶಿಣ, ಸುರಿಗಿ, ಅಕ್ಕಿಕಾಳು! ಇದರ ಮುಂದ ಲಗ್ನಾನೇ ಸಲೀಸು ತಂಗಿ" ಎಂದಳು ಸಾಬಮ್ಮ. ಅಂದಿನಿಂದ ಆ ಮನೆಯಲ್ಲಿ ಕೊನೆಯ ಶಾಸ್ತ್ರವಾದ ವೈವಾಕ್ಕೆ ಅಕ್ಕಿಕಾಳು ಎಂದೇ ಹೆಸರಾಯಿತು. ರಾಮಲಕ್ಷ್ಮಮ್ಮನ ಬಾಯಲ್ಲೂ ಅದೇ ಕೂತಿತು.

ಪ್ರಾಜೆಕ್ಟಿಗೆ ಮಾರ್ಗದರ್ಶಕರಾಗಿದ್ದವರು ಶ್ರೀರಾಮಪ್ಪ ಮೇಷ್ಟ್ರು. ಕಂಪ್ಯೂಟರಿನಲ್ಲಿ ಬಣ್ಣಬಣ್ಣದ ಚಿತ್ರ ತೆಗೆದು ಪ್ರಾಜೆಕ್ಟ್ ಎನ್ನುವವರನ್ನು ಕಂಡರೆ ಅವರಿಗಾಗದು. ಯಂತ್ರ ಕಟ್ಟಬೇಕು, ಅದು ಓಡಬೇಕು, ಲೆಕ್ಕ ಹೇಳಿದ್ದನ್ನೇ ಮಾಡಿ ತೋರಿಸಬೇಕು. ಇಲ್ಲವಾದರೆ ಅವರು ಸಹಿ ಹಾಕುವುದಿಲ್ಲ, ಅವರ ಸಹಿ ಇಲ್ಲದೆ ವೈವಾ ಇಲ್ಲ. ಗಂಗಾ ಯೋಚಿಸಿ ರೊಟ್ಟಿ ಬಡಿಯುವ ಯಂತ್ರ ಮಾಡುತ್ತೇನೆಂದಳು. ಅಂಗೈ ಎಷ್ಟು ಜೋರಾಗಿ ಬೀಳುತ್ತದೆ ಎಂಬುದನ್ನು ಅದುವರೆಗೆ ಅಳೆದವರನ್ನು ಮೇಷ್ಟ್ರು ಕಂಡಿರಲಿಲ್ಲ. "ಮೊದ್ಲು ಅದನ್ನ ಅಳೆ. ಆಮೇಲೆ ಯಂತ್ರ" ಎಂದರು.

ಅಳತೆಗೆ ಯಾರು? ಮನೆಯಲ್ಲೇ ಇದ್ದಳಲ್ಲ!

ಸಾಬಮ್ಮ ಇಳಕಲ್ ಸೀರೆ ಉಟ್ಟು ಕಾಲೇಜಿಗೆ ಹೋದಳು. ಪ್ರಯೋಗಾಲಯದ ಮೇಜಿನ ಮೇಲೊಂದು ಉಕ್ಕಿನ ಹಲಗೆ. ಅದರಡಿ, ಬಿದ್ದ ಪೆಟ್ಟು ಎಷ್ಟು ಭಾರದ್ದೆಂದು ಅಳೆಯುವ ಅಂಗೈಯಗಲದ ಉಪಕರಣ. "ಯವ್ವಾ, ಹುಷಾರು. ಬಾಳ ನಾಜೂಕು ಸಾಮಾನು. ಬ್ಯಾರೆ ಕಾಲೇಜಿಂದ ಕೇಳ್ಕೊಂಡು ತಂದೀವಿ" ಎಂದಳು ಗಂಗಾ. ಸಾಬಮ್ಮ ಇಪ್ಪತ್ತು ರೊಟ್ಟಿ ಬಡಿದಳು. ನಡುವೆ ಮಗಳು ಒಮ್ಮೆ ಕೇಳಿದಳು: "ಮನ್ಯಾಗ ಬಡ್ದಂಗೇ ಬಡೀಲಕತ್ತೀದಿ ಇಲ್ಲೋ?"

"ಮತ್ತಿನ್ಯಾಂಗ?" ಎಂದಳು ತಾಯಿ.

ಮರಳಿ ಬಂದವಳು ಗಲ್ಲಿಯ ಪ್ರತಿ ಬಾಗಿಲಲ್ಲೂ ನಿಂತು, ಮಷೀನು ತನ್ನ ಕೈಯ ಅಳತೆ ತೆಗೆದುಕೊಂಡ ಕಥೆ ಹೇಳಿದಳು. ಎರಡನೇ ಸಲ ಕೇಳಿದವರೂ ಸುಮ್ಮನೆ ಕೇಳಿಸಿಕೊಂಡರು. ಸಾಬಮ್ಮನ ಬಾಯಿಗೆ ಅಡ್ಡ ಬರುವ ಧೈರ್ಯ ಅಲ್ಲಿ ಯಾರಿಗೂ ಇರಲಿಲ್ಲ.

ಆ ಅಳತೆಯ ಮೇಲೆ ಗಂಗಾ ಯಂತ್ರ ಕಟ್ಟಿದಳು: ತಿರುಗುವ ತಟ್ಟೆ, ಅದರ ಮೇಲೆ ಬಡಿಯುವ ಮರದ ಅಂಗೈ, ಅದಕ್ಕೊಂದು ಸ್ಪ್ರಿಂಗು. ಐದು ತಿಂಗಳು ಹಿಡಿಯಿತು. ಯಂತ್ರ ಓಡಿತು, ಆದರೆ ರೊಟ್ಟಿ ಹರಡಲಿಲ್ಲ. ನಡುವೆ ಇಡ್ಲಿಯಷ್ಟು ದಪ್ಪ, ಅಂಚೆಲ್ಲ ಬಿರುಕು. ಹಿಟ್ಟು ಬದಲಾಯಿಸಿದಳು, ಬಿಸಿನೀರು ಹೆಚ್ಚಿಸಿದಳು, ಲೆಕ್ಕವನ್ನು ನಾಲ್ಕು ಸಲ ಮಾಡಿದಳು. ಪ್ರಾಜೆಕ್ಟ್ ಪುಸ್ತಕ ಒಪ್ಪಿಸಲು ಇನ್ನು ಉಳಿದದ್ದು ಮೂರು ವಾರ. ತಪ್ಪಿದರೆ ಆರು ತಿಂಗಳು ಹಿಂದೆ.

ಒಂದು ಭಾನುವಾರ ಬೆಳಗ್ಗೆ, ತಾಯಿ ರೊಟ್ಟಿಗೆ ಕೂತಿದ್ದಾಗ, ಗಂಗಾ ಗೋಡೆಗೆ ಒರಗಿ ಮೆಲ್ಲಗೆ ಹೇಳಿದಳು: "ಯವ್ವಾ, ನಾ ಬಿಟ್ಟುಬಿಡ್ತೀನಿ. ನನ್ನ ಲೆಕ್ಕಾನೇ ತಪ್ಪು. ಎಂ.ಟೆಕ್ ಮಾಡೋ ತಲಿ ನನ್ನದಲ್ಲ."

ಸಾಬಮ್ಮನ ಕೈ ಹಿಟ್ಟಿನ ಮೇಲೆ ಬೀಳುತ್ತಲೇ ಇತ್ತು. ಕೆಳಗಿನಿಂದ ರಾಮಲಕ್ಷ್ಮಮ್ಮ ಎಂದಿನಂತೆ ಕೂಗಿದಳು: "ಸಾಬಮ್ಮ, ಇವತ್ತು ಮೋಲ್ಡಿಂಗ್ ಗ್ಯಾರಂಟಿ ಬೀಳ್ತದೆ ಕಣ್ರೀ!"

ಕೈ ಅಲ್ಲೇ ನಿಂತಿತು. ಅಳತೆಯ ದಿನ ಕಾಲೇಜಿನಲ್ಲಿ ಸದ್ದೇ ಬಂದಿರಲಿಲ್ಲ. ಇಪ್ಪತ್ತು ರೊಟ್ಟಿ ಬಡಿದಳು, ಒಂದಕ್ಕೂ ಸದ್ದಿರಲಿಲ್ಲ. ನಾಜೂಕಿನ ಸಾಮಾನು, ಕೇಳಿ ತಂದದ್ದು, ಮುರಿದರೆ ಮಗಳ ಓದೇ ಮುರಿದೀತು ಎಂದು ಹೆದರಿ ಅವಳು ಕೂಸಿನ ಬೆನ್ನು ತಟ್ಟಿದಂತೆ ತಟ್ಟಿ ಬಂದಿದ್ದಳು. ಕೇಳಿದಾಗ ಸುಳ್ಳೂ ಹೇಳಿದ್ದಳು. ಊರ ತುಂಬ ಡಂಗುರ ಬೇರೆ.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸಾಬಮ್ಮನಿಗೆ ನಾಚಿಕೆಯಾಯಿತು. ಆದರೂ ಹೇಳಿದಳು: "ತಂಗಿ, ನಿನ್ನ ಲೆಕ್ಕ ಬರೋಬ್ಬರಿ ಅದ. ನಾನೇ ಸುಳ್ಳ ಬಡ್ದೀನಿ."

ಗಂಗಾ ಗೋಡೆ ಬಿಟ್ಟು ನೆಟ್ಟಗಾದಳು. ಆಮೇಲೆ ನಕ್ಕಳು, ಅತ್ತಳು, ಮತ್ತೆ ನಕ್ಕಳು. ಸೋಮವಾರ ತಾಯಿಯನ್ನು ಕರೆದುಕೊಂಡು ಹೋಗಿ ಮೇಷ್ಟ್ರ ಮುಂದೆ ನಿಲ್ಲಿಸಿದಳು.

ಶ್ರೀರಾಮಪ್ಪನವರು ಬಯ್ಯಲಿಲ್ಲ. ಕುರ್ಚಿ ಎಳೆದು ಕೂತು, "ಹೊಡೀರಿ ಅಮ್ಮಾ. ಒಡೆದ್ರೆ ನಾನು ಉತ್ತರ ಕೊಡ್ತೀನಿ" ಎಂದರು.

ಸಾಬಮ್ಮ ಸೆರಗು ಸಿಕ್ಕಿಸಿದಳು. ಮೊದಲ ಪೆಟ್ಟಿಗೆ ಮೇಜಿನ ಮೇಲಿದ್ದ ಪೆನ್ನು ಕೆಳಗುರುಳಿತು. ಪಕ್ಕದ ಕೋಣೆಯ ಹುಡುಗರು ಏನಾಯಿತೆಂದು ಬಾಗಿಲಿಗೆ ಬಂದರು. ಹಿಂದೆ ಮೂರು ಕಿಲೋ ತೋರಿಸಿದ್ದ ಉಪಕರಣ ಏಳು ತೋರಿಸಿತು. ರೊಟ್ಟಿ ಅಗಲವಾದಂತೆ ಏಳು ಆರಾಯಿತು, ಐದಾಯಿತು, ಅಂಚಿಗೆ ಬಂದಾಗ ನಾಲ್ಕು. ನಲವತ್ತು ರೊಟ್ಟಿಗೂ ಅದೇ ಏರಿಳಿತ. ಗ್ರಾಫಿನ ಗೆರೆಗಳನ್ನು ಒಂದರ ಮೇಲೊಂದಿಟ್ಟು ನೋಡಿದ ಮೇಷ್ಟ್ರು, "ಇಷ್ಟು ಸಮಾ ನಮ್ಮ ವರ್ಕ್‌ಶಾಪಿನ ಪ್ರೆಸ್ಸೂ ಹೊಡೆಯಲ್ಲ" ಎಂದರು. ಸಾಬಮ್ಮ ಮಗಳ ಕಡೆ ನೋಡಿದಳು. ಹೋದ ಜಂಬ ಬಡ್ಡಿ ಸಮೇತ ವಾಪಸು ಬಂದಿತ್ತು.

ಗಂಗಾ ಶಿವಾಜಿನಗರದ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ ಬಿಗಿಯಾದ ಸ್ಪ್ರಿಂಗ್ ತಂದಳು. ಒಪ್ಪಿಸುವ ಗಡುವಿಗೆ ಎರಡು ದಿನ ಇರುವಾಗ ಯಂತ್ರದ ರೊಟ್ಟಿ ಹರಡಿತು. ಮೇಷ್ಟ್ರ ಸಹಿ ಬಿತ್ತು.

ವೈವಾದ ದಿನ ಸಾಬಮ್ಮ ಹಿಂದಿನ ಸಾಲಿನಲ್ಲಿ ಕೂತಳು. ಹೊರಗಿನಿಂದ ಬಂದ ಪರೀಕ್ಷಕರು ಪುಟ ತಿರುವಿ ನೇರವಾಗಿ ಕೇಳಿದರು: "ಮೊದಲ ಇಪ್ಪತ್ತು ಅಳತೆ ಯಾಕೆ ಬಿಟ್ಟಿದೀಯಮ್ಮ?"

ಉಪಕರಣ ಕೆಟ್ಟಿತ್ತು ಎಂದರೆ ಮುಗಿಯುತ್ತಿತ್ತು. ಗಂಗಾ ಹಾಗೆನ್ನಲಿಲ್ಲ.

"ಸರ್, ಹುಷಾರು ಅಂತ ಹೇಳಿ ನಾನೇ ಹೆದರಿಸಿದ್ದೆ. ಮುರಿದುಹೋಗುತ್ತೆ ಅಂತ ಅವ್ರು ಕೈ ತಡೆದು ಮೆಲ್ಲಗೆ ಬಡಿದ್ರು. ಆಮೇಲೆ ಅವ್ರೇ ತಪ್ಪು ಕಂಡುಹಿಡಿದು ಹೇಳಿದ್ರು. ಅವ್ರು ಇಲ್ಲೇ ಇದಾರೆ, ನಮ್ಮವ್ವ."

ಎಲ್ಲರೂ ಹಿಂದೆ ತಿರುಗಿದರು. ಪರೀಕ್ಷಕರು ಯಂತ್ರ ಬಡಿದ ರೊಟ್ಟಿಯ ತಟ್ಟೆಯನ್ನು ಸಾಬಮ್ಮನ ಕಡೆಗೆ ಚಾಚಿದರು: "ನೀವೇ ಹೇಳಿ ಅಮ್ಮಾ, ಹೇಗಿದೆ?"

ಸಾಬಮ್ಮ ಒಂದು ರೊಟ್ಟಿ ಎತ್ತಿ ಬೆಳಕಿಗೆ ಹಿಡಿದಳು, ಮುರಿದಳು, ಬಾಯಿಗಿಟ್ಟಳು. ಮಗಳ ಪರೀಕ್ಷೆ ಎಂದು ಈ ಸಲ ಅವಳು ಕೈಯನ್ನೂ ತಡೆಯಲಿಲ್ಲ, ನಾಲಿಗೆಯನ್ನೂ ತಡೆಯಲಿಲ್ಲ. "ಚಲೋ ಅದ್ರೀ. ಆದ್ರ ನನ್ನದಕಿಂತ ಒಂದು ಕೂದ್ಲೆಳಿ ದಪ್ಪ."

ಪರೀಕ್ಷಕರು ಪುಸ್ತಕ ತೆರೆದು ಕೋಷ್ಟಕದ ಮೇಲೆ ಬೆರಳಿಟ್ಟರು. ಕೈರೊಟ್ಟಿಗಿಂತ ಎಷ್ಟು ದಪ್ಪ ಎಂಬುದನ್ನು ಮಗಳು ಮಿಲಿಮೀಟರಿನಲ್ಲಿ ಬರೆದಿದ್ದಳು. "ಸರಿಯಾಗಿದೆ. ಇಬ್ರೂ ಒಂದೇ ಹೇಳ್ತಿದೀರಿ" ಎಂದು ನಕ್ಕು ಪೆನ್ನಿನ ಮುಚ್ಚಳ ತೆಗೆದರು.

ಮರುದಿನ ಬೆಳಗ್ಗೆ ರಾಮಲಕ್ಷ್ಮಮ್ಮ ಕಾಫಿ ಲೋಟ ಹಿಡಿದು ಅಂಗಳಕ್ಕೆ ಬಂದಳು. "ಸಾಬಮ್ಮ, ಅಕ್ಕಿಕಾಳು ಬಿತ್ತೇನ್ರೀ?"

ಮೇಲಿನಿಂದ ಈ ಸಲ ರೊಟ್ಟಿಯೇ ಉತ್ತರ ಕೊಟ್ಟಿತು. ಅಂಗೈ ಬಿದ್ದ ಸದ್ದಿಗೆ ಕೆಳಗಿನ ಮನೆಯ ಕಿಟಕಿಗಾಜು ಅದುರಿತು.

"ಪಾಸಾದ್ಲು" ಎಂದು ರಾಮಲಕ್ಷ್ಮಮ್ಮ ಪಕ್ಕದ ಮನೆಗೆ ಹೇಳಲು ಹೊರಟಳು.