ಬಾವುಟದಜ್ಜನೆದುರು ಗೆದ್ದ ವಾದ

ಅವರ ಬಿಳಿ ಕೈಗವಸಿನ ಒಂದೊಂದು ಬೆರಳಿಗೂ ಇಸ್ತ್ರಿಯ ಗೆರೆ ಇರುತ್ತಿತ್ತು. ಹೆಬ್ಬೆರಳಿಗೂ. ಹಿರೋಷಿಮಾದ ಒಂದು ಸಣ್ಣ ಬೀದಿಯ ಮೂಲೆಯಲ್ಲಿ, ಬೆಳಿಗ್ಗೆ ಏಳೂವರೆಗೆ, ಆ ಕೈಯಲ್ಲಿ ಹಳದಿ ಬಾವುಟ ಹಿಡಿದು ಶಾಲೆಯ ಮಕ್ಕಳನ್ನು ರಸ್ತೆ ದಾಟಿಸುವುದು ಅಜ್ಜನ ಕೆಲಸ. ಸಂಬಳವಿಲ್ಲ. ಅವರ ಪಕ್ಕದಲ್ಲಿ ಇನ್ನೊಂದು ಬಾವುಟ ಹಿಡಿದು ಒಂದು ವಾರ ನಿಲ್ಲುವುದು ನನ್ನ ಕೆಲಸ.

ಬೆಂಗಳೂರಿನ ಕಾಲೇಜಿನಿಂದ ಹೋಗಿದ್ದೆ. ಬೆಳಿಗ್ಗೆ ಸ್ವಯಂಸೇವೆ, ಮಧ್ಯಾಹ್ನ ಜಪಾನಿ ಭಾಷೆಯ ತರಗತಿ. ಉಳಿದುಕೊಂಡಿದ್ದು ಅಲ್ಲೇ ಪಿಎಚ್‌.ಡಿ. ಮಾಡುತ್ತಿದ್ದ ದೊಡ್ಡಪ್ಪನ ಮಗಳ ಕೋಣೆಯಲ್ಲಿ. ನನಗೆ ಭಾಷೆ ಬಾರದೆಂದು ಅಕ್ಕನೂ ನಿದ್ದೆಗಣ್ಣಿನಲ್ಲೇ ಆ ಮೂಲೆಗೆ ಬರುತ್ತಿದ್ದಳು. ನಾನು ಕಾಲೇಜಿನ ಚರ್ಚಾ ತಂಡದ ನಾಯಕಿ. ಕಾರಣ ಕೇಳದೆ ಕೊಡೆ ಬಿಚ್ಚುವ ಅಭ್ಯಾಸವೂ ನನಗಿರಲಿಲ್ಲ.

ಸೋಮವಾರವೇ ಶುರುಮಾಡಿದೆ. "ಅರ್ಧ ಗಂಟೇಲಿ ಕೊಳೆಯಾಗೋ ಗ್ಲೌಸ್‌ಗೆ ಇಸ್ತ್ರಿ ಯಾಕಂತೆ, ಕೇಳಕ್ಕ."

ಅಕ್ಕ ಕೇಳಿದಳು. ಅಜ್ಜ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. "ಸೋ ದೆಸು ನೆ," ಎಂದರು.

"ಏನಂತೆ?"

"ಹೌದಲ್ವಾ, ಅಂತೆ."

ಅಷ್ಟೇ. ಮರುದಿನ ಮತ್ತೆ ಗೆರೆ.

ಸರಿ, ಮಂಗಳವಾರ ಬುಡಕ್ಕೇ ಕೈಹಾಕಿದೆ. "ಇಲ್ಲಿ ಸಿಗ್ನಲ್ ಇದೆ. ಬಂದಿದ್ದು ಮೂರು ಕಾರು. ಮೂರೂ ತಾವಾಗೇ ನಿಂತವು. ಹಸಿರು ಬರೋವರೆಗೂ ಮಕ್ಕಳು ಅಲುಗಾಡಲ್ಲ. ಹಾಗಾದ್ರೆ ಈ ಬಾವುಟ ತಡೀತಿರೋದು ಯಾರನ್ನ?" ನಾಲ್ಕು ಅಂಶ, ಒಂದು ಉಪಸಂಹಾರ.

"ಸೋ ದೆಸು ನೆ." ಈ ಸಲ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಎಲ್ಲವನ್ನೂ ಬರೆದುಕೊಂಡರು. ವಾದವನ್ನು ಬರೆದುಕೊಂಡೂ ತಿರುಗೇಟು ಕೊಡದ ಎದುರಾಳಿಯನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಆಮೇಲೆ ಏನೋ ಹೇಳಿ ನಕ್ಕರು.

"ನಲವತ್ತು ವರ್ಷ ಫ್ಯಾಕ್ಟರೀಲಿ ಕಾರು ಓಡೋ ಹಾಗೆ ಮಾಡಿದ್ರಂತೆ. ಈಗ ನಿಲ್ಲಿಸೋ ಕೆಲಸ," ಅಕ್ಕ ಹೇಳಿದಳು. "ತಾವಾಗೇ ನಿಂತ್ರೆ ಇನ್ನೂ ಸಂತೋಷವಂತೆ."

ಗೆದ್ದೆ ಅಂದುಕೊಂಡೆ. ಬುಧವಾರ ಸಂಜೆ ಅಕ್ಕ ಮೊಬೈಲನ್ನು ನನ್ನ ಮುಖಕ್ಕೆ ಹಿಡಿದಳು. ಬಾವುಟದ ಕೆಲಸವನ್ನು ನಿಲ್ಲಿಸಬೇಕೇ ಎಂದು ತೀರ್ಮಾನಿಸಲು ಬಡಾವಣೆಯ ಸಂಘ ಶುಕ್ರವಾರ ಸಭೆ ಕರೆದಿತ್ತು. ಅಜ್ಜನ ಜೊತೆಗೆ ನಿಲ್ಲಲು ಕಾಯಂ ಯಾರೂ ಸಿಗದೆ ಸಂಘದವರು ಮೊದಲೇ ಅನುಮಾನದಲ್ಲಿದ್ದರು. ಸ್ವಯಂಸೇವಕರು ಹೇಳಿದ್ದನ್ನು ಸಂಘಕ್ಕೆ ಒಪ್ಪಿಸುವುದು ಅಲ್ಲಿನ ಪದ್ಧತಿ. ಅಜ್ಜ ನನ್ನ ನಾಲ್ಕೂ ಅಂಶಗಳನ್ನು ಚಾಚೂ ತಪ್ಪದೆ ಒಪ್ಪಿಸಿ ಬಂದಿದ್ದರು.

"ಗೆದ್ದೆಯಲ್ಲೇ ತಾಯಿ! ಹೆಂಡ್ತಿ ಹೋದ್ಮೇಲೆ ಅವರಿಗೆ ಅಂತ ಇರೋದೇ ಆ ಮೂಲೆ. ಇನ್ನು ಬೆಳಿಗ್ಗೆ ಎದ್ದು ಏನ್ ಮಾಡ್ಬೇಕು? ನೀನು ಡಿಬೇಟಲ್ಲಿ ಗೆದ್ದ ಕಪ್‌ಗಳನ್ನ ಒರೆಸ್ಕೊಂಡು ಕೂರ್ಬೇಕಾ?"

"ಅವರು ನಿಜವಾಗ್ಲೂ ಒಪ್ಕೊಂಡಿದಾರೆ ಅಂತ ನಂಗೇನ್ ಗೊತ್ತು? ಡಿಬೇಟಲ್ಲಿ ಯಾರೂ ಒಪ್ಕೊಳಲ್ಲ ಅಕ್ಕ!"

ಚರ್ಚೆಯವರಿಗೆ ಒಂದು ಅನುಕೂಲವಿದೆ: ಯಾವ ಪಕ್ಷ ಕೊಟ್ಟರೂ ಹಿಡಿಯುತ್ತೇವೆ. ಗುರುವಾರ ಬೆಳಿಗ್ಗೆ ನನ್ನ ವಿರುದ್ಧವೇ ಸಾಕ್ಷಿ ಹುಡುಕುತ್ತ ನಿಂತೆ. ಒಬ್ಬ ಪುಟ್ಟ ಹುಡುಗಿ ಓಡಿಬಂದು ಅಜ್ಜನ ಮುಂದೆ ಬಾಯಿ ತೆರೆದಳು. ಮುಂದಿನ ಹಲ್ಲು ಬಿದ್ದಿತ್ತು. ಅಜ್ಜ ಮಂಡಿಯ ಮೇಲೆ ಕೈಯೂರಿ ಬಗ್ಗಿ, ಆ ಕಿಂಡಿಯನ್ನು ಇಂಜಿನ್ ನೋಡುವವರ ಹಾಗೆ ಪರೀಕ್ಷಿಸಿದರು. ಹಸಿರು ಬಂತು, ಹೋಯಿತು. ಹಿಂದೆ ನಿಂತವರಿಗೆ ಅವಸರವೇ ಇಲ್ಲ. ಒಬ್ಬಳ ಕೈಯಲ್ಲಿ ಹೊಸ ರಬ್ಬರು, ಇನ್ನೊಬ್ಬಳ ಬೆರಳ ಮೇಲೆ ಜೀರುಂಡೆ, ಎಲ್ಲರೂ ಸರದಿಯಲ್ಲಿದ್ದರು. ಮೂರು ದಿನವೂ ಇದು ನಡೆದಿರಬೇಕು. ನಾನು ಕಾರು ಎಣಿಸುತ್ತಿದ್ದೆ.

ಶುಕ್ರವಾರ ಅಕ್ಕನ ಹಿಂದೆ ಚಪ್ಪಲಿ ಕಳಚಿ ಸಭೆಯೊಳಗೆ ಹೋದೆ. ನೆಲದ ಮೇಲೆ ಹತ್ತು ಹನ್ನೆರಡು ಹಿರಿಯರು. ಅಕ್ಕನಿಂದ ಒಂದು ಪುಟ ಬರೆಸಿ ಬಾಯಿಪಾಠ ಮಾಡಿದ್ದೆ. ಎದ್ದು ನಿಂತದ್ದೇ ಪುಟ ಪೂರ್ತಿ ಮರೆತುಹೋಯಿತು. ಐದು ದಿನದ ತರಗತಿಯ ತಳದಲ್ಲಿ ಉಳಿದಿದ್ದ ನಾಲ್ಕು ಪದ ಕೆರೆದು ತೆಗೆದೆ.

"ಶಿಂಗೋ ವಾ ಹಾ ಓ ಮಿಮಾಸೆನ್." ಸಿಗ್ನಲ್ಲು ಹಲ್ಲು ನೋಡುವುದಿಲ್ಲ. ಸುಮಿಮಾಸೆನ್ ಎಂದು ಕ್ಷಮೆ ಕೇಳಿ ಕುಳಿತುಬಿಟ್ಟೆ.

ಸಂಘದ ಅಧ್ಯಕ್ಷೆ ನಿಧಾನವಾಗಿ, "ಸೋ ದೆಸು ನೆ," ಎಂದರು. ಸಾಲಾಗಿ ತಲೆಗಳು ಆಡಿದವು. ಅಷ್ಟರಲ್ಲಿ ಅಜ್ಜ ಎದ್ದರು. ಮಂಗಳವಾರ ಈಕೆ ಹೇಳಿದ್ದೂ ಬಹಳ ಚೆನ್ನಾಗಿತ್ತು, ಅದನ್ನೂ ಮರೆಯಬಾರದು ಎಂದು ಪುಸ್ತಕ ಬಿಚ್ಚಿದರು! ಅಂಗಿ ಹಿಡಿದೆಳೆದು ಕೂರಿಸೋಣವೆನಿಸಿತು.

ಅಂತೂ ಬಾವುಟ ಉಳಿಯಿತು, ಜೊತೆಗೊಬ್ಬರು ದಿನವೂ ನಿಲ್ಲಬೇಕೆಂಬ ಷರತ್ತಿನ ಮೇಲೆ. ಎಲ್ಲರೂ ಅಕ್ಕನತ್ತ ತಿರುಗಿದರು.

"ವಾದ ನಿಂದು, ಬೆಳಿಗ್ಗೆ ಏಳೋದು ನಾನು," ಎಂದು ಅವಳು ವಿಮಾನ ನಿಲ್ದಾಣದವರೆಗೂ ಬೈದಳು.

ಕಳೆದ ಚಳಿಗಾಲದಲ್ಲಿ ಅಜ್ಜ ತೀರಿಕೊಂಡರು. ಹಿಂದಿನ ದಿನವೂ ಮೂಲೆಯಲ್ಲಿ ನಿಂತಿದ್ದರಂತೆ. ಫೋನಿನಲ್ಲಿ ಅಕ್ಕ, "ಇವತ್ತು ಗ್ಲೌಸ್‌ಗೆ ಇಸ್ತ್ರಿ ಹಾಕ್ದೆ ಕಣೇ," ಎಂದಳು. "ಅರ್ಧ ಗಂಟೇಲಿ ಕೊಳೆಯಾಯ್ತು. ಹುಚ್ಚು ಅಲ್ವಾ?"

ಅದಕ್ಕೆ ನನ್ನ ಬಳಿ ನಾಲ್ಕು ಅಂಶ, ಒಂದು ಉಪಸಂಹಾರ ಇಂದಿಗೂ ಸಿದ್ಧವಿದೆ.

"ಸೋ ದೆಸು ನೆ," ಎಂದೆ. ಆಮೇಲೆ, ಹೆಬ್ಬೆರಳಿಗೂ ಹಾಕಿದೆಯಾ ಎಂದು ಕೇಳಿದೆ.